ಕೈ ಬೀಸಿದರೆ ಬೆಳಕು

ನಾನೂ ಒಬ್ಬ ಮನುಷ್ಯ ಎಂದು ಒಪ್ಪಿಕೊಳ್ಳಲು ನಮ್ಮ ರಸ್ತೆಯ ಮೂರನೇ ಕಂಬಕ್ಕೆ ಎರಡು ವಾರ ಬೇಕಾಯಿತು.

ಮೊದಲ ಎರಡು ಕಂಬಗಳದ್ದು ತಕರಾರಿಲ್ಲ. ಹತ್ತಿರ ಹೋಗುತ್ತಿದ್ದಂತೆ ಮಂಕಾಗಿದ್ದ ದೀಪ ಝಗ್ಗೆಂದು ಬೆಳಗುತ್ತದೆ. ದಾಟಿ ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಮಂಕು. ಮೂರನೆಯದು ಮಾತ್ರ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಅದರ ಬುಡಕ್ಕೇ ಹೋಗಿ ನಿಂತು, ಎರಡೂ ಕೈ ಎತ್ತಿ ಬೀಸಬೇಕು. ಆಗ, ಓಹೋ ನೀವಾ, ಎನ್ನುವ ಹಾಗೆ ಕಣ್ಣು ಬಿಡುತ್ತಿತ್ತು. ಜೀವನವಿಡೀ ನೌಕರಿ ಮಾಡಿದವನಿಗೆ ಇದೇನೂ ಹೊಸದಲ್ಲ ಬಿಡಿ. ಎಷ್ಟೋ ಸಾಹೇಬರ ಮೇಜಿನ ಮುಂದೆ ಹೀಗೇ ನಿಂತು ಬಂದಿದ್ದೇನೆ. ಆದರೆ ನಿವೃತ್ತಿಯಾದ ಮೇಲೂ, ಅದೂ ಒಂದು ಕಂಬದ ಕೈಲಿ, ಈ ಪಾಡು ಪಡಬೇಕಾ ಅಂತ ಸ್ವಲ್ಪ ಬೇಜಾರಾಯಿತು.

ನಮ್ಮದು ನಿವೃತ್ತರದ್ದೇ ಕಾಲೊನಿ. ಇಲ್ಲಿ ಮನೆ ಸಿಗಬೇಕಾದರೆ ವಯಸ್ಸಾಗಿರಬೇಕು. ಬೇರೆ ಕಡೆ ವಯಸ್ಸು ಮುಚ್ಚಿಟ್ಟವರೆಲ್ಲ ಇಲ್ಲಿ ಅರ್ಜಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟು ಬಂದವರು. ಒಂದು ಮುಖ್ಯ ರಸ್ತೆ, ಅದಕ್ಕೆ ನಾಲ್ಕು ಅಡ್ಡರಸ್ತೆ, ನಡುವೆ ಒಂದು ಪಾರ್ಕು, ಪಾರ್ಕಿನಲ್ಲಿ ಬೆಂಚು, ಬೆಂಚಿನ ಮೇಲೆ ನಾವು. ಹಳೆಯ ಬೀದಿದೀಪಗಳು ಒಂದು ಉರಿದರೆ ಎರಡು ಕೆಟ್ಟಿರುತ್ತಿದ್ದವು. ಹೊಸ ಕೇಬಲ್ ಎಳೆಯಬೇಕೆಂದರೆ ರಸ್ತೆ ಅಗೆಯಬೇಕು. ರಸ್ತೆ ಅಗೆದರೆ ಕೋಲು ಹಿಡಿದವರು, ವಾಕರ್ ಹಿಡಿದವರು ಅಷ್ಟೂ ದಿನ ಮನೆಯೊಳಗೇ. ಹಾಗಾಗಿ ಸೋಲಾರ್ ಲೈಟು ಎಂದು ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ನಮ್ಮ ಸಭೆಗಳಲ್ಲಿ ಯಾರಿಗೂ ಮನೆಗೆ ಹೋಗುವ ಅವಸರ ಇರುವುದಿಲ್ಲ. ಇದೂ ಊಟದ ಹೊತ್ತಿನವರೆಗೆ ನಡೆಯಿತು.

ಸಭೆಗೆ ಬಂದಿದ್ದ ಹುಡುಗ ಪಾಪ, ಚೆನ್ನಾಗಿಯೇ ವಿವರಿಸಿದ. 'ಪ್ಯಾನಲ್ಲಿಗೆ 25 ವರ್ಷ ವಾರಂಟಿ ಸಾರ್' ಎಂದ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಎಂಬತ್ತು ದಾಟಿದ ನಮ್ಮ ಲೆಕ್ಕದ ಮೇಷ್ಟ್ರು ಮೆಲ್ಲಗೆ ಎದ್ದು ನಿಂತು, 'ವಾರಂಟಿ ಕಾರ್ಡು ಯಾರ ಹೆಸರಿಗೆ ಬರೀತೀಯಪ್ಪಾ?' ಎಂದು ಕೇಳಿದರು. ಹುಡುಗನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾವೇ ನಕ್ಕು ಅವನನ್ನು ಪಾರು ಮಾಡಿದೆವು. 'ಬ್ಯಾಟರಿ ಮಾತ್ರ ಅಷ್ಟು ಬಾಳಿಕೆ ಬರಲ್ಲ, ಕೆಲವು ವರ್ಷಕ್ಕೊಂದು ಸಲ ಬದಲಾಯಿಸಬೇಕು' ಎಂದು ಅವನು ಮುಂದುವರಿಸಿದ. 'ಗೊತ್ತು, ನಂದೂ ಬದಲಾಯಿಸಿದಾರೆ' ಎಂದರು ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರೊಬ್ಬರು.

ಕಂಬಗಳು ಬಂದವು. ನೆತ್ತಿಯ ಮೇಲೆ ಓರೆಯಾಗಿ ಒಂದು ಪ್ಯಾನಲ್, ಅದರ ಕೆಳಗೆ ದೀಪ, ದೀಪದ ಜೊತೆಗೇ ಬ್ಯಾಟರಿ. ಇವನ್ನು ನೋಡಿ ಎಲ್ಲರಿಗಿಂತ ಜಾಸ್ತಿ ಕಸಿವಿಸಿಯಾದದ್ದು ಎಂಜಿನಿಯರ್ ಸಾಹೇಬರಿಗೆ. ಅವರು ಆಯುಷ್ಯವೆಲ್ಲ ಕರೆಂಟಿನ ಕೆಲಸದಲ್ಲೇ ಕಳೆದವರು. ಹೊಸ ಕಂಬವನ್ನು ಒಂದು ಸುತ್ತು ಹಾಕಿ ನೋಡಿ, 'ವೈರೇ ಇಲ್ಲವಲ್ರೀ' ಎಂದರು. ಹೆಣ್ಣಿನ ಕಡೆಯವರನ್ನೇ ಕರೆಯದೆ ಮದುವೆ ಮಾಡಿದ್ದಾರೆ ಎನ್ನುವಷ್ಟು ನೋವಿತ್ತು ದನಿಯಲ್ಲಿ. ಆಮೇಲೆ ಸ್ವಿಚ್ಚು ಹುಡುಕಿದರು. ಅದೂ ಇಲ್ಲ.

'ಸಂಜೆ ತಾನಾಗೇ ಹತ್ತಿಕೊಳ್ಳುತ್ತೆ ಸಾರ್.'

'ತಾನಾಗೇ ಅಂದರೆ? ಸಂಜೆ ಆಯ್ತು ಅಂತ ಅದಕ್ಕೆ ಹೇಳೋರು ಯಾರು?'

ಹೇಳುವುದು ಪ್ಯಾನಲ್ಲೇ. ಹಗಲೆಲ್ಲ ಬಿಸಿಲು ಕುಡಿದು ಬ್ಯಾಟರಿ ತುಂಬಿಸುವ ಅದೇ ಪ್ಯಾನಲ್ಲಿನ ವೋಲ್ಟೇಜು ಹೊತ್ತು ಮುಳುಗಿದಂತೆ ಇಳಿಯುತ್ತದೆ. ಇಳಿದದ್ದನ್ನು ಒಳಗಿನ ಕಂಟ್ರೋಲರ್ ಗಮನಿಸಿ ದೀಪ ಹಚ್ಚುತ್ತದೆ. ಬೇರೆ ಕಣ್ಣು ಬೇಕಾಗಿಲ್ಲ. ಇದನ್ನು ಕೇಳಿ ಸಾಹೇಬರು ಏನೂ ಹೇಳದೆ ಮನೆಗೆ ಹೋದರು. ಮೂರನೇ ದಿನ ಮಟಮಟ ಮಧ್ಯಾಹ್ನ ಪಾರ್ಕಿನಲ್ಲಿ ನೋಡುತ್ತೇನೆ, ಕಾಲುದಾರಿಯ ಮಗ್ಗುಲಿಗೆ ನೆಟ್ಟಿರುವ ಮೊಣಕಾಲೆತ್ತರದ ಗಿಡ್ಡ ದೀಪದ ಮುಂದೆ ಬಗ್ಗಿ ನಿಂತಿದ್ದಾರೆ. ತಮ್ಮ ಟೋಪಿ ತೆಗೆದು ಅದರ ತಲೆಗೆ ಹಾಕಿದರು. ದೀಪ ಹತ್ತಿತು. ಟೋಪಿ ತೆಗೆದರು. ಆರಿತು. ಮತ್ತೆ ಹಾಕಿದರು. ಹತ್ತಿತು. ಅವರ ಮುಖ ನೋಡಬೇಕಿತ್ತು ನೀವು. 'ಬನ್ರೀ ಇಲ್ಲಿ, ರಾತ್ರಿ ಮಾಡಿ ತೋರಿಸ್ತೀನಿ' ಎಂದು ನನ್ನನ್ನು ಕರೆದರು. ಆ ವಾರ ಕಾಲೊನಿಯಲ್ಲಿ ಅವರ ಟೋಪಿಯಿಂದ ರಾತ್ರಿ ನೋಡದವರು ಯಾರೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ಬೆಂಚಿನ ಮೇಲೆ ದಿನಾ ಸೋಲಾರ್ ಪುರಾಣ. ಬೆಳಕು ಬಿದ್ದರೆ ಕರೆಂಟು ಹುಟ್ಟುತ್ತದೆ ಎಂದು 1839ರಲ್ಲೇ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಕಂಡುಕೊಂಡಿದ್ದನಂತೆ, ಆಗ ಅವನಿಗೆ 19 ವರ್ಷ. ಕೆಲಸಕ್ಕೆ ಬರುವಂಥ ಸಿಲಿಕಾನ್ ಸೆಲ್ ಆದದ್ದು ಮಾತ್ರ 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಬಿದ್ದ ಬೆಳಕಿನ ನೂರರಲ್ಲಿ ಸುಮಾರು 6 ಪಾಲನ್ನು ಅದು ಕರೆಂಟು ಮಾಡುತ್ತಿತ್ತು. ಈಗಿನವು 20ರ ಮೇಲೆ ಮಾಡುತ್ತವೆ. 'ನೂರಕ್ಕೆ ಇಪ್ಪತ್ತು ತೆಗೆದವನನ್ನು ನಾನು ಯಾವತ್ತೂ ಪಾಸು ಮಾಡಿಲ್ಲ' ಎಂದರು ಮೇಷ್ಟ್ರು. ಸಾಹೇಬರು ಬಿಡಲಿಲ್ಲ. ವ್ಯಾನ್‌ಗಾರ್ಡ್ 1 ಎಂಬ ಉಪಗ್ರಹದ ಕತೆ ತೆಗೆದರು. 1958ರಲ್ಲಿ ಹಾರಿಸಿದ್ದು, ಒಂದೂವರೆ ಕಿಲೋ ತೂಕ, ಸೋಲಾರ್ ಸೆಲ್ ಹೊತ್ತು ಮೇಲೆ ಹೋದ ಮೊದಲನೆಯ ಉಪಗ್ರಹ. 1964ರಲ್ಲಿ ಅದರ ಸದ್ದು ನಿಂತಿತು. ಆದರೆ ಇವತ್ತಿಗೂ ಭೂಮಿಯನ್ನು ಸುತ್ತುತ್ತಲೇ ಇದೆ.

ಬೆಂಚಿನ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಕೆಲಸ ನಿಂತು ಎಷ್ಟೋ ವರ್ಷವಾಗಿದೆ, ಸುತ್ತು ಹಾಕುವುದು ಮಾತ್ರ ಬಿಟ್ಟಿಲ್ಲ. ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಜೆ ಪಾರ್ಕಿಗೆ ಆರು ಸುತ್ತು ಹಾಕುವ ಗುಂಪಿಗೆ ಅವತ್ತಿನಿಂದ ವ್ಯಾನ್‌ಗಾರ್ಡ್ ಎಂದೇ ಹೆಸರಾಯಿತು.

ಇಷ್ಟೆಲ್ಲ ನಗು ಹಗಲಿನದ್ದು. ಮೊದಲ ರಾತ್ರಿ ದೀಪ ಹತ್ತಿದಾಗ ಯಾರೂ ನಗಲಿಲ್ಲ. ಹಾಲಿನಂಥ ಬೆಳಕು ಅಂತ ಹೇಳಿದ್ದರು. ನೋಡಿದರೆ ಆಪರೇಷನ್ ಥಿಯೇಟರಿನ ಬೆಳಕು. ಆ ಬೆಳಕನ್ನು ನಮ್ಮಲ್ಲಿ ಎಲ್ಲರೂ ಮಲಗಿಕೊಂಡು ನೋಡಿದವರೇ. ಒಬ್ಬರ ಮುಖ ಒಬ್ಬರಿಗೆ ಬಿಳಿಚಿಕೊಂಡಂತೆ ಕಾಣುತ್ತಿತ್ತು. 'ಹುಷಾರಿದೀರಾ?' ಎಂದು ಎದುರಾದವರೆಲ್ಲ ಕೇಳುವುದು, 'ನಾನು ಹುಷಾರಿದೀನಿ, ನಿಮಗೇ ಏನೋ ಆಗಿದೆ' ಎನ್ನುವುದು.

ಬಣ್ಣ ಯಾವುದು ಎನ್ನುವುದರಲ್ಲೂ ಎರಡು ಪಕ್ಷವಾಯಿತು. ಒಂದು ಪಕ್ಷ, ಇದು ಬಿಳಿಯಲ್ಲ, ನೀಲಿ ಎಂದಿತು. ಇನ್ನೊಂದು ಪಕ್ಷ, ನೀಲಿ ಎಲ್ಲಿದೆ, ದೀಪದ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ, ಅದನ್ನು ಮೊದಲು ಸರಿಮಾಡಿಸಿ ಎಂದಿತು. ಜಗಳ ಬಿಡಿಸಿದವರು ಮೂರನೇ ಅಡ್ಡರಸ್ತೆಯ ನರ್ಸಮ್ಮ. ಕಣ್ಣಿನ ವಾರ್ಡಿನಲ್ಲಿ ಬಹಳ ವರ್ಷ ಇದ್ದವರು. ನೀಲಿ ಪಕ್ಷದವರನ್ನೆಲ್ಲ ಒಂದು ಕಡೆ ನಿಲ್ಲಿಸಿ, 'ನಿಮ್ಮೆಲ್ಲರಿಗೂ ಪೊರೆ ಆಪರೇಷನ್ ಆಗಿದೆ ಅಲ್ವಾ?' ಎಂದರು. ಆಗಿತ್ತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತಾ ಹೋಗುತ್ತದೆ, ನೀಲಿಯನ್ನು ಒಳಗೆ ಬಿಡುವುದಿಲ್ಲ. ಅದನ್ನು ತೆಗೆದು ಹೊಸದು ಹಾಕಿದ ಮೇಲೆ ಇಷ್ಟು ವರ್ಷ ಬಾಗಿಲಲ್ಲೇ ನಿಂತಿದ್ದ ನೀಲಿಯೆಲ್ಲ ಒಳಗೆ ನುಗ್ಗುತ್ತದೆ. ಬಳೆ ಪಕ್ಷದವರಿಗೆ ಅವರು ಹೇಳಿದ್ದು ಒಂದೇ ಮಾತು. 'ನೀವು ದೀಪ ರಿಪೇರಿ ಮಾಡಿಸೋದಲ್ಲ, ಕಣ್ಣು ತೋರಿಸಿಕೊಳ್ಳಿ.' ಆ ತಿಂಗಳು ನಾಲ್ವರು ಹೋಗಿ ತೋರಿಸಿಕೊಂಡು ಬಂದರು. ಅದರಲ್ಲಿ ನಾನೂ ಒಬ್ಬ.

ನರ್ಸಮ್ಮ ಇನ್ನೊಂದು ಮಾತು ಹೇಳಿದರು. 60ರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು 20ರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಾಪೆ ಸಣ್ಣದಾಗುತ್ತದೆ, ಮಸೂರ ಮಂಕಾಗುತ್ತದೆ. ಅಂದರೆ ನಮಗೆ ಬೆಳಕು ಜಾಸ್ತಿ ಬೇಕು. ಆದರೆ ಜಾಸ್ತಿ ಬೆಳಕು ನೇರ ಕಣ್ಣಿಗೆ ಬಿದ್ದರೆ ತಡೆಯುವುದಕ್ಕೂ ಆಗುವುದಿಲ್ಲ. ಬೆಳಕಿನಿಂದ ಕತ್ತಲಿಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಬಹಳ ಹೊತ್ತು ಬೇಕು. ಎಂಥ ಗಿರಾಕಿಗಳು ನೋಡಿ ನಾವು! ಜಾಸ್ತಿ ಕೊಡು, ಆದರೆ ಕಣ್ಣಿಗೆ ಬೀಳಬಾರದು. ಪಕ್ಕದಲ್ಲಿರು, ಆದರೆ ಅಡ್ಡ ಬರಬೇಡ. ನಮ್ಮ ಮಕ್ಕಳ ಹತ್ತಿರ ನಾವು ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ಕಡೆಗೆ ಬೆಳಕಿನ ಬಣ್ಣ ಬದಲಾಯಿಸಬೇಕೆಂದು ಪತ್ರ ಬರೆಯುವುದಾಯಿತು. ಬರೆಯಲು ಕೂತ ಮೇಷ್ಟ್ರು ಕೆಲ್ವಿನ್ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡರು. ಈಗಿರುವುದು 6000 ಕೆಲ್ವಿನ್, ಇದಕ್ಕೆ ತಂಪು ಬೆಳಕು ಅನ್ನುತ್ತಾರೆ. ನಮಗೆ ಬೇಕಾದದ್ದು 3000, ಅದಕ್ಕೆ ಬೆಚ್ಚನೆಯ ಬೆಳಕು ಅನ್ನುತ್ತಾರೆ. 'ಕೆಲ್ವಿನ್ ಅಂದರೆ ಶಾಖದ ಅಳತೆ. ಜಾಸ್ತಿ ಆದಷ್ಟೂ ತಂಪು ಹೇಗಾಗುತ್ತೆ?' ಎಂದು ಅವರ ಪ್ರಶ್ನೆ. ಕಾಯಿಸಿದ ಕಬ್ಬಿಣ ಮೊದಲು ಕೆಂಪಗಾಗಿ, ಇನ್ನೂ ಕಾಯಿಸಿದರೆ ಹಳದಿಯಾಗಿ, ಆಮೇಲೆ ತಾನೇ ಬೆಳ್ಳಗಾಗುವುದು? ಲೆಕ್ಕ ಸರಿಯಾಗಿದೆ ಮೇಷ್ಟ್ರೇ, ಹೆಸರಿಟ್ಟವರು ಶಾಖ ನೋಡಿ ಇಟ್ಟಿಲ್ಲ, ಮನಸ್ಸಿಗೆ ಹೇಗನ್ನಿಸುತ್ತದೆ ನೋಡಿ ಇಟ್ಟಿದ್ದಾರೆ ಎಂದು ಸಾಹೇಬರು ಸಮಾಧಾನ ಹೇಳಿದರು. ಮೇಷ್ಟ್ರಿಗೆ ಇವತ್ತಿಗೂ ಸಮಾಧಾನವಿಲ್ಲ. ಅಂತೂ ದೀಪದೊಳಗಿನ ಎಲ್‌ಇಡಿ ಬದಲಾಯಿಸಿಕೊಟ್ಟರು. ರಸ್ತೆ ಸಂಜೆ ಬಿಸಿಲಿನ ಬಣ್ಣಕ್ಕೆ ತಿರುಗಿತು. ಮುಖಗಳಿಗೆ ಮತ್ತೆ ರಕ್ತ ಬಂತು.

ಕೊನೆಯ ಮನೆಯ ಅಮ್ಮನವರ ದೂರು ಮಾತ್ರ ಬಣ್ಣದ್ದಲ್ಲ. ಅವರು ರಾತ್ರಿ ವರಾಂಡದಲ್ಲಿ ಕೂತು ನಕ್ಷತ್ರ ನೋಡುವವರು. 'ಹಳೇ ದೀಪ ಕೆಟ್ಟಿತ್ತಲ್ಲ, ಅದೇ ನನಗೆ ಅನುಕೂಲವಾಗಿತ್ತು' ಎಂದರು. ಸಭೆಯಲ್ಲಿ ಎಲ್ಲರೂ ದೀಪ ಬೇಕು ಎಂದು ಕೈ ಎತ್ತಿದಾಗ ತಾನೊಬ್ಬಳೇ ಹೇಗೆ ಬೇಡ ಅನ್ನಲಿ ಎಂದು ಸುಮ್ನೆ ಇದ್ದರಂತೆ. ಅವರ ಮಾತು ನನಗೆ ನಾಟಿತು. ಬೆಳಕು ಬೇಕಾದದ್ದು ನೆಲಕ್ಕೆ, ಎಡವುವ ಕಾಲಿಗೆ. ಆಕಾಶಕ್ಕೆ ಯಾಕೆ? ಅವರ ಮನೆಯ ಕಡೆಯ ದೀಪವನ್ನು ಪೂರ್ತಿ ಕೆಳಮುಖ ಮಾಡಿ, ಮೇಲೆ ಒಂದು ತಗಡಿನ ಮರೆ ಕಟ್ಟಿದ್ದಾಯಿತು. ಪೂರ್ತಿ ಸರಿಹೋಗಿಲ್ಲ. 'ಸಣ್ಣ ನಕ್ಷತ್ರಗಳು ಹೋದವು, ದೊಡ್ಡವು ಇದಾವೆ' ಎನ್ನುತ್ತಾರೆ.

ಮರದ್ದೊಂದು ರಗಳೆ. ಪಾರ್ಕಿನ ಮೂಲೆಯ ಕಂಬ ದಿನಾ ಒಂಬತ್ತಕ್ಕೆಲ್ಲ ಮಲಗಿಬಿಡುತ್ತಿತ್ತು. ಪ್ಯಾನಲ್ಲಿನ ಒಂದು ಮೂಲೆಗೆ ಮರದ ಕೊಂಬೆಯ ನೆರಳು ಬೀಳುತ್ತಿದ್ದದ್ದೇ ಕಾರಣ. ಒಳಗೆ ಸೆಲ್ಲುಗಳು ಸರಪಳಿಯಂತೆ ಒಂದಕ್ಕೊಂದು ಸೇರಿಕೊಂಡಿರುತ್ತವೆ, ಒಂದೆರಡಕ್ಕೆ ನೆರಳಾದರೂ ಉಳಿದವುಗಳ ಕೈ ಕಟ್ಟಿದ ಹಾಗಾಗುತ್ತದೆ. ಕೊಂಬೆ ಕಡಿಯೋಣ ಎಂದವರಿಗೂ ಬೇಡ ಎಂದವರಿಗೂ ಮಾತಿಗೆ ಮಾತು ಬೆಳೆದು ಎರಡು ದಿನ ಬೆಂಚು ಖಾಲಿ. ಕೊನೆಗೆ ಕಂಬವನ್ನೇ ಕಿತ್ತು ಹತ್ತು ಹೆಜ್ಜೆ ಆಚೆ ನೆಟ್ಟರು. ವೈರು ಇಲ್ಲದ್ದರ ಅನುಕೂಲ ಇದು ಎಂದು ಮೊದಲು ಹೇಳಿದವರು ಯಾರು ಗೊತ್ತಾ? ಎಂಜಿನಿಯರ್ ಸಾಹೇಬರು.

ಮೋಡ ಮುಸುಕಿ ನಾಲ್ಕು ದಿನ ಬಿಸಿಲೇ ಕಾಣದಿದ್ದಾಗ ದೀಪಗಳು ಸೊರಗಿದ್ದೂ ಉಂಟು. ಆಗ ಎಲ್ಲರೂ ಬೆಳಗ್ಗೆ ಎದ್ದು ಆಕಾಶ ನೋಡುವುದು. ಬಿಸಿಲಿನಲ್ಲಿ ಅಂಟಿದ ಧೂಳು ಮಳೆಯಲ್ಲಿ ತೊಳೆದುಹೋಯಿತು ಎಂದು ಸಂತೋಷಪಡುವುದು. ಇದಕ್ಕೆ ಮುಂಚೆ ನಾವು ಬಿಸಿಲನ್ನು ಇಷ್ಟು ವಿಚಾರಿಸಿಕೊಂಡದ್ದಿಲ್ಲ. ಸೂರ್ಯನಿಂದ ಹೊರಟ ಬೆಳಕು 15 ಕೋಟಿ ಕಿಲೋಮೀಟರು ದಾಟಿ ಇಲ್ಲಿಗೆ ಬರಲು 8 ನಿಮಿಷ ಚಿಲ್ಲರೆ ಸಾಕು. ನಮ್ಮ ಮನೆಯಿಂದ ಬೆಂಚಿಗೆ ಹೋಗಲು ನನಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಒಂದು ರಾತ್ರಿ ಕರೆಂಟು ಹೋಯಿತು. ಮನೆಮನೆಯೂ ಕತ್ತಲು, ಫ್ಯಾನು ಇಲ್ಲ, ಟೀವಿ ಇಲ್ಲ. ಕಿಟಕಿಯಾಚೆ ರಸ್ತೆ ಮಾತ್ರ ಎಂದಿನ ಹಾಗೇ ಬೆಳಗುತ್ತಿದೆ. ಒಬ್ಬೊಬ್ಬರೇ ಕುರ್ಚಿ ಎತ್ತಿಕೊಂಡು ಹೊರಗೆ ಬಂದರು. ಎತ್ತಲಾರದವರು ಎಳೆದುಕೊಂಡು ಬಂದರು. ವರ್ಷಗಟ್ಟಲೆ ಎದುರುಬದುರು ಮನೆಯಲ್ಲಿದ್ದು ತಲೆಯಾಡಿಸಿದ್ದು ಬಿಟ್ಟರೆ ಮಾತಾಡದ ಇಬ್ಬರು ಹಿರಿಯರು ಅವತ್ತು ಒಂದೇ ಕಂಬದ ಕೆಳಗೆ ಕೂತು ಮಂಡಿನೋವಿನ ವಿಚಾರ ಮಾತಾಡಿದರು. ಎರಡು ಗಂಟೆ ಕಳೆದು ಕರೆಂಟು ಬಂತು. ಮನೆಗಳಲ್ಲಿ ಟೀವಿಗಳು ತಾವಾಗಿಯೇ ಕೂಗತೊಡಗಿದವು. ಯಾರೋ 'ಛೇ' ಅಂದರು. ಎದ್ದು ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಮೂರನೇ ಕಂಬದ ವಿಚಾರ ಅರ್ಧಕ್ಕೆ ಬಿಟ್ಟೆ.

ದೀಪದ ಕೆಳಗೆ ಒಂದು ಪುಟ್ಟ ಬಿಳಿ ಗುಬುಟು ಇದೆ, ಅದೇ ಸೆನ್ಸರ್. ಅದು ನಮ್ಮ ಮುಖ ನೋಡುವುದಿಲ್ಲ, ಮೈಬಿಸಿ ನೋಡುತ್ತದೆ. ಬಿಸಿ ಇದ್ದರೂ ಸಾಲದು, ಅದು ಅತ್ತಿಂದಿತ್ತ ಸರಿಯಬೇಕು. ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ. ನೇರ ಅದರತ್ತಲೇ, ಅದೂ ನಿಧಾನವಾಗಿ ನಡೆದು ಬರುವವರು ಅದಕ್ಕೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಸೆಕೆ ಜೋರಾಗಿ ಗಾಳಿಯೂ ಮೈಯಷ್ಟೇ ಬಿಸಿಯಾದಾಗ ಇನ್ನೂ ಕಷ್ಟ. ಮೊಮ್ಮಕ್ಕಳು ರಜೆಗೆ ಬಂದಾಗ ಇಡೀ ರಸ್ತೆ ದೀಪದ ಸಾಲಾಗುತ್ತದೆ. ಅವರು ನೆಟ್ಟಗೆ ಓಡುವವರೇ ಅಲ್ಲವಲ್ಲ. ನಾನು ಗಮನಿಸಿದೆ, ಆಮೇಲೆ ಉಪಾಯ ಮಾಡಿದೆ. ಮೂರನೇ ಕಂಬ ಹತ್ತಿರವಾದಂತೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓರೆಯಾಗಿ ದಾಟುತ್ತೇನೆ. ತಕ್ಷಣ ಬೆಳಕು. ದೂರದಿಂದ ನೋಡಿದವರಿಗೆ ನಾನು ಏನು ಸೇವಿಸಿದ್ದೇನೆ ಎಂದು ಅನುಮಾನ ಬರಬಹುದು, ಬರಲಿ.

ಸಾಹೇಬರು ಇದಕ್ಕೆ ಒಪ್ಪಲಿಲ್ಲ. ಟೋಪಿಯಾಟ ಆಡಿದವರೇ ಆದರೂ ಕೈ ಬೀಸುವ ವಿಚಾರದಲ್ಲಿ ಬಿಗಿ. 'ದೀಪಕ್ಕೆ ಸಲಾಮು ಹೊಡೆಯೋ ಕಾಲ ನನಗಿನ್ನೂ ಬಂದಿಲ್ಲ. ಓರೆ ನಡೆಯೋದೂ ಇಲ್ಲ. ಅದು ನನ್ನನ್ನು ನೋಡಬೇಕು, ಅದರ ಕೆಲಸ ಅದು.'

ಈ ದೀಪಗಳಿಂದ ಇನ್ನೊಂದು ಗುಟ್ಟು ಹೊರಬಿತ್ತು. ನಡುರಾತ್ರಿ ಯಾರು ಎದ್ದಿರುತ್ತಾರೆ ಎನ್ನುವುದು. ಮೊದಲೆಲ್ಲ ನನಗೊಬ್ಬನಿಗೇ ನಿದ್ದೆ ಬರುವುದಿಲ್ಲ, ಊರೆಲ್ಲ ಮಲಗಿದೆ ಎಂದು ಹೊರಳಾಡುತ್ತಿದ್ದೆ. ಈಗ ಕಿಟಕಿಯಲ್ಲಿ ನಿಂತರೆ ಗೊತ್ತಾಗುತ್ತದೆ. ಎರಡೂವರೆಗೆ ನರ್ಸಮ್ಮನ ಮನೆ ಮುಂದಿನ ದೀಪ ಬೆಳಗುತ್ತದೆ. ಬಹಳ ವರ್ಷ ರಾತ್ರಿ ಪಾಳಿ ಮಾಡಿದವರು, ಎದ್ದು ಒಂದು ಸುತ್ತು ವಾರ್ಡು ನೋಡಿ ಬರುವ ಅಭ್ಯಾಸ ಇನ್ನೂ ಹೋಗಿಲ್ಲ. ನಾಲ್ಕಕ್ಕೆ ಮೇಷ್ಟ್ರು. ಕೊನೆಯ ಮನೆಯ ಅಮ್ಮ ಎದ್ದರೂ ತಿಳಿಯುವುದಿಲ್ಲ, ಅವರು ಅಲುಗಾಡದೆ ಕೂತಿರುತ್ತಾರೆ, ದೀಪಕ್ಕೆ ಕಾಣುವುದಿಲ್ಲ. ಯಾರೂ ಇದನ್ನು ಬೆಂಚಿನ ಮೇಲೆ ಮಾತಾಡುವುದಿಲ್ಲ. 'ರಾತ್ರಿ ನಿದ್ದೆ ಬಂತಾ?' ಎಂದರೆ ಎಲ್ಲರೂ 'ಹ್ಞೂಂ, ಚೆನ್ನಾಗಿ' ಎನ್ನುತ್ತಾರೆ.

ಮೊನ್ನೆ ಮೂರು ಗಂಟೆಗೆ ಎಚ್ಚರವಾಯಿತು. ಕಿಟಕಿಯಲ್ಲಿ ನೋಡಿದರೆ ಮೊದಲ ಕಂಬ ಬೆಳಗಿತು. ಸ್ವಲ್ಪ ಹೊತ್ತಿಗೆ ಎರಡನೆಯದು. ಮೂರನೆಯದು ಬೆಳಗಲಿಲ್ಲ. ಕಾದೆ. ಮೊದಲನೆಯದು ಮಂಕಾಯಿತು, ಎರಡನೆಯದೂ ಮಂಕಾಯಿತು. ಅರೆಬೆಳಕಿನಲ್ಲಿ ಟೋಪಿ ಹಾಕಿದ ಆಕೃತಿಯೊಂದು ಮೂರನೇ ಕಂಬದ ಬುಡದಲ್ಲಿ ಕೈ ಕಟ್ಟಿಕೊಂಡು, ತಲೆ ಎತ್ತಿ, ಅದನ್ನೇ ದಿಟ್ಟಿಸುತ್ತಾ ನಿಂತಿತ್ತು. ಅದೂ ಬಿಡುವುದಿಲ್ಲ, ಇವರೂ ಬಿಡುವುದಿಲ್ಲ.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಕಂಬದ ಹತ್ತಿರ ರಸ್ತೆಯನ್ನು ಅಡ್ಡ ದಾಟಿದೆ. ದೀಪ ಝಗ್ಗೆಂದಿತು.

'ನಾನೇನೂ ಕೈ ಬೀಸಲಿಲ್ಲ, ನೋಡಿದಿರಲ್ಲ?' ಎಂದರು ಸಾಹೇಬರು.

'ಇಲ್ಲ ಸಾರ್, ನೋಡಿದೆ' ಎಂದೆ. ಇಬ್ಬರೂ ನಾಲ್ಕನೇ ಕಂಬದ ಕಡೆಗೆ ಹೊರಟೆವು.